ನೇಗಿಲಿಗೆ ಸಿಕ್ಕ ಕಲ್ಲು



ಉಳುವಾಗ ಚಿತ್ರ ಕೆತ್ತಿದ ಕಲ್ಲು ಸಿಕ್ಕರೆ ನಾವು ಏನು ಮಾಡುತ್ತೇವೆ? ಬದುವಿಗೆ ಇಡುತ್ತೇವೆ, ಇಲ್ಲವೇ ಬಟ್ಟೆ ಒಗೆಯಲು ತರುತ್ತೇವೆ. ಮೊನ್ನೆ ಒಬ್ಬ ರೈತರು ಇಂಥ ಕಲ್ಲನ್ನು ತೋರಿಸಿ, "ದೇವರ ಮೂರ್ತಿಯೇ ಇಲ್ಲ. ಬರೀ ಮರ, ಚಕ್ರ. ಇದರಿಂದೇನು ಪ್ರಯೋಜನ?" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಬೌದ್ಧರ ಹಳೆಯ ಉಬ್ಬುಶಿಲ್ಪಗಳಲ್ಲಿ ಬುದ್ಧನ ಮೂರ್ತಿಗೆ ಬದಲಾಗಿ ಗುರುತುಗಳೇ ಹೆಚ್ಚು. ಅರಳಿಮರ, ಅದರಡಿ ಬರಿದಾದ ಪೀಠ ಎಂದರೆ ಬೋಧಗಯೆಯಲ್ಲಿ ಜ್ಞಾನ ದೊರೆತ ಸಂಗತಿ. ಚಕ್ರ ಎಂದರೆ ಸಾರನಾಥದ ಮೊದಲ ಉಪದೇಶ. ಪಕ್ಕದ ಜಿಂಕೆಗಳು ಅಲ್ಲಿಯ ಜಿಂಕೆವನವನ್ನು ಸೂಚಿಸುತ್ತವೆ. ಮೇಲೆ ಕೊಡೆಯಿದ್ದು ಸವಾರನಿಲ್ಲದ ಕುದುರೆ ಕಂಡರೆ, ಸಿದ್ಧಾರ್ಥನು ಅರಮನೆ ಬಿಟ್ಟು ಹೊರಟನೆಂದು ತಿಳಿಯಬೇಕು. ಸ್ತೂಪವು ಪರಿನಿರ್ವಾಣದ ಗುರುತು. ಅಕ್ಷರ ಬಾರದವರೂ ಓದಬಹುದಾದ ಪುಸ್ತಕವಿದು.

ನಮ್ಮ ನಾಡಿನಲ್ಲೇ ಇದಕ್ಕೆ ನಿದರ್ಶನವುಂಟು. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ನದಿಯ ದಡದಲ್ಲಿ ಕನಗನಹಳ್ಳಿಯಿದೆ. 1990ರ ದಶಕದಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದಾಗ, ಸುಮಾರು 2,000 ವರ್ಷ ಹಿಂದಿನ ದೊಡ್ಡ ಸ್ತೂಪವೂ ಸುಣ್ಣಕಲ್ಲಿನ ಶಿಲ್ಪಫಲಕಗಳೂ ದೊರೆತವು. ಒಂದರಲ್ಲಿ ರಾಜ, ರಾಣಿ, ಕೊಡೆ-ಚಾಮರ ಹಿಡಿದ ಸೇವಕಿಯರು ಇದ್ದಾರೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕ" ಎಂದಿದೆ. ಹೆಸರು ಬರೆದಿರುವ ಅಶೋಕನ ಶಿಲ್ಪ ಬಹಳ ಅಪರೂಪ.

ಸನ್ನತಿಯಿಂದ ಇನ್ನೊಂದು ಪಾಠವನ್ನೂ ಕಲಿಯಬೇಕು. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠಕ್ಕೆ ಹಾಕಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಹಿಂದೆ ಯಾರೋ ಮೂರ್ತಿ ಕೂರಿಸಲು ಅದರ ನಡುವೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ಅವರು ಕೇಡು ಬಗೆದವರಲ್ಲ, ತಿಳಿಯದೆ ಮಾಡಿದರು. ತಿಳಿದ ನಾವು ಹಾಗೆ ಮಾಡಬಾರದು.

ಆದುದರಿಂದ ಇಷ್ಟನ್ನು ನೆನಪಿಡಿ:

1. ಕೆತ್ತಿದ ಕಲ್ಲು ಕಂಡರೆ ಅಲ್ಲಿಗೇ ಉಳುಮೆ ನಿಲ್ಲಿಸಿ, ಕಲ್ಲನ್ನು ಕೀಳಬೇಡಿ. ಸಿಕ್ಕಿದ ಜಾಗವೂ ಇತಿಹಾಸಕ್ಕೆ ಸಾಕ್ಷಿ.

2. ಹಿತ್ತಾಳೆ ಪಾತ್ರೆಯಂತೆ ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹುಳಿಗೆ ಸುಣ್ಣಕಲ್ಲು ಕರಗುತ್ತದೆ.

3. ಗ್ರಾಮ ಪಂಚಾಯತಿಗೂ ತಹಸೀಲ್ದಾರರಿಗೂ ತಿಳಿಸಿ.

ಆ ರೈತರು ಕಲ್ಲನ್ನು ಇದ್ದಲ್ಲೇ ಬಿಟ್ಟು, ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದಾರೆ. ಅಷ್ಟು ನೆಲದಲ್ಲಿ ಈ ಸಲ ಜೋಳವಿಲ್ಲ. ಆದರೂ ಅದು ಬೀಳು ನೆಲವಲ್ಲ.