ಗುಡ್ ಮಾರ್ನಿಂಗ್ ಫೋಟೊ ತೆರೆದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ?

ಬೆಳಗ್ಗೆ ಆರಕ್ಕೆ ಫೋನ್ ಕೈಗೆತ್ತಿಕೊಂಡರೆ ಕೋಲಾರಮ್ಮನ ಫೋಟೊ, ಮುಳಬಾಗಿಲು ಆಂಜನೇಯನ ಫೋಟೊ, ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯ. ಅದೇ ಗ್ರೂಪಿನಲ್ಲಿ ಆಗಾಗ ಒಂದು ಎಚ್ಚರಿಕೆಯೂ ಬರುತ್ತದೆ. ಚೀನಾದ ಹ್ಯಾಕರ್‌ಗಳು ಗುಡ್ ಮಾರ್ನಿಂಗ್ ಚಿತ್ರಗಳೊಳಗೆ ರಹಸ್ಯ ಕೋಡ್ ಅಡಗಿಸಿದ್ದಾರೆ, ತೆರೆದವರ ಬ್ಯಾಂಕ್ ಹಣ ಹೋಗುತ್ತದೆ, ಹಳೆಯ ಚಿತ್ರಗಳನ್ನೆಲ್ಲ ಕೂಡಲೇ ಅಳಿಸಿ, ಹತ್ತು ಜನರಿಗೆ ತಿಳಿಸಿ ಎಂಬ ಸಂದೇಶ ಅದು. ಕೋಲಾರದ ಮಂಡಿ ಗ್ರೂಪ್ ಇರಲಿ, ಮಾಲೂರಿನ ಫ್ಯಾಕ್ಟರಿ ಶಿಫ್ಟ್ ಗ್ರೂಪ್ ಇರಲಿ, ಶ್ರೀನಿವಾಸಪುರದ ಮಾವಿನ ಬೆಳೆಗಾರರ ಗ್ರೂಪ್ ಇರಲಿ, ಇಂಥ ಸಂದೇಶ ನೋಡದವರು ಕಡಿಮೆ.

ಚಿಕ್ಕ ಉತ್ತರ: ಆ ಫಾರ್ವರ್ಡ್ ಸುಳ್ಳು. ಆದರೆ ಚಿತ್ರದ ಮೂಲಕ ಫೋನಿಗೆ ತೊಂದರೆ ಕೊಡುವುದು ಅಸಾಧ್ಯವೇನಲ್ಲ, ನಿಜವಾಗಿ ಆಗಿದೆ. ಇವೆರಡೂ ಒಟ್ಟಿಗೆ ಸತ್ಯವಾಗುವುದು ಹೇಗೆ ಎಂಬುದನ್ನು ನೋಡೋಣ.

ಚಿತ್ರ ಓದುವ ವಸ್ತು, ಓಡುವ ಆಪ್ ಅಲ್ಲ

ಆಪ್ ಎಂದರೆ ಫೋನಿಗೆ ಕೊಟ್ಟ ಆದೇಶಗಳ ಪಟ್ಟಿ. ಫೋನ್ ಅದನ್ನು ಓಡಿಸುತ್ತದೆ. ಚಿತ್ರ ಹಾಗಲ್ಲ. ಯಾವ ಚುಕ್ಕಿಗೆ ಯಾವ ಬಣ್ಣ ಎಂಬ ಮಾಹಿತಿ ಮಾತ್ರ ಅದರಲ್ಲಿರುತ್ತದೆ. ಫೋನ್ ಅದನ್ನು ಓದಿ ಪರದೆಯ ಮೇಲೆ ಬಿಡಿಸುತ್ತದೆ. ಆದ್ದರಿಂದ ಯಾರಾದರೂ ಚಿತ್ರದೊಳಗೆ ಏನನ್ನಾದರೂ ಬರೆದಿಟ್ಟರೂ ಫೋನ್ ಅದನ್ನು ತಾನಾಗಿ ಓಡಿಸುವುದಿಲ್ಲ.

ಹಾಗಿದ್ದರೆ ಅಪಾಯ ಎಲ್ಲಿದೆ? ಚಿತ್ರವನ್ನು ಓದುವ ತಂತ್ರಾಂಶದಲ್ಲಿ. ವಾಟ್ಸಾಪ್, ಕ್ರೋಮ್ ಮುಂತಾದವು ಚಿತ್ರ ಓದುವ ಕೆಲಸವನ್ನು ಪೂರ್ತಿ ತಾವೇ ಮಾಡುವುದಿಲ್ಲ. ಅದಕ್ಕಾಗಿ ಬೇರೆಯವರು ಬರೆದಿಟ್ಟ ಸಿದ್ಧ ತಂತ್ರಾಂಶಗಳಿವೆ, ಅವುಗಳನ್ನು ಲೈಬ್ರರಿ ಎನ್ನುತ್ತಾರೆ. ಇಂಥ ಬಹಳಷ್ಟು ಲೈಬ್ರರಿಗಳು ಸಿ ಭಾಷೆಯಲ್ಲಿವೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಭಾಷೆ ಇದು. ವೇಗದಲ್ಲಿ ಗಟ್ಟಿಗ. ಆದರೆ ಮೆಮೊರಿಯ ಲೆಕ್ಕವನ್ನು ಇದು ಪ್ರೋಗ್ರಾಂ ಬರೆಯುವವರ ಕೈಗೇ ಬಿಡುತ್ತದೆ, ತಪ್ಪಿದರೆ ತಡೆಯುವುದಿಲ್ಲ.

ಟೊಮೆಟೊ ಮಂಡಿಯ ಲೆಕ್ಕ

ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯನ್ನು ಕಲ್ಪಿಸಿಕೊಳ್ಳಿ. ರೈತರು ಹರಾಜಿಗೆಂದು 15 ಕಿಲೋ ಬಾಕ್ಸ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ನೀವು ನೂರು ಬಾಕ್ಸ್ ಎಂದು ಹೇಳಿದರೆ ರೈಟರ್ ನೂರು ಬಾಕ್ಸ್‌ನ ಜಾಗ ಗುರುತು ಹಾಕಿ ಕೊಡುತ್ತಾನೆ. ಮಾಲು ಹೋದ ಮೇಲೆ ಆ ಜಾಗವನ್ನು ಪುಸ್ತಕದಲ್ಲಿ ಖಾಲಿ ಎಂದು ಬರೆದುಕೊಂಡು ಇನ್ನೊಬ್ಬರಿಗೆ ಕೊಡುತ್ತಾನೆ.

ಫೋನಿನ ಮೆಮೊರಿ ಕೂಡ ಹೀಗೆಯೇ. ಚಿತ್ರ ಓದುವ ಲೈಬ್ರರಿ ತನಗೆ ಇಷ್ಟು ಜಾಗ ಬೇಕು ಎಂದು ಕೇಳುತ್ತದೆ, ಸಿಕ್ಕ ಜಾಗದಲ್ಲಿ ಮಾಹಿತಿ ಜೋಡಿಸುತ್ತದೆ, ಕೆಲಸ ಮುಗಿದ ಮೇಲೆ ಜಾಗ ಬಿಟ್ಟುಕೊಡುತ್ತದೆ. ಮಾಹಿತಿಯನ್ನು ಸಾಲಾಗಿ ಇಡುವುದೋ, ಪಟ್ಟಿಯಾಗಿ ಇಡುವುದೋ, ಒಂದು ಗುಡ್ಡೆಯ ಮೇಲೆ ಮುಂದಿನ ಗುಡ್ಡೆ ಎಲ್ಲಿದೆ ಎಂಬ ಚೀಟಿ ಅಂಟಿಸುವುದೋ, ಈ ಜೋಡಣೆಯ ಕ್ರಮಕ್ಕೆ ಡೇಟಾ ಸ್ಟ್ರಕ್ಚರ್ ಎಂದು ಹೆಸರು.

ಮಂಡಿಯಲ್ಲಿ ಎರಡು ಬಗೆಯ ಎಡವಟ್ಟು ಆಗಬಹುದು. ಒಂದು, ನೂರು ಬಾಕ್ಸ್‌ನ ಜಾಗ ಪಡೆದವನು ನೂರಾ ಹತ್ತು ಇಳಿಸುವುದು. ಕೊನೆಯ ಹತ್ತು ಬಾಕ್ಸ್ ಪಕ್ಕದವನ ಸಾಲಿನ ಮೇಲೆ ಕೂರುತ್ತವೆ, ಅವನ ಚೀಟಿ ಮುಚ್ಚಿ ಇವನ ಚೀಟಿ ಕಾಣುತ್ತದೆ. ಇನ್ನೊಂದು, ರೈಟರ್ ಒಂದೇ ಸಾಲನ್ನು ಎರಡು ಸಲ ಖಾಲಿ ಎಂದು ಬರೆಯುವುದು. ಆಗ ಅದೇ ಸಾಲು ಇಬ್ಬರು ರೈತರಿಗೆ ಹಂಚಿಕೆಯಾಗುತ್ತದೆ. ಒಬ್ಬನ ಮಾಲಿನ ಮೇಲೆ ಇನ್ನೊಬ್ಬನ ಹೆಸರು ಬೀಳುತ್ತದೆ. ಫೋನಿನಲ್ಲಿ ಹೀಗಾದರೆ ಸಾಮಾನ್ಯವಾಗಿ ಆಪ್ ಮುಚ್ಚಿಕೊಳ್ಳುತ್ತದೆ. ಆದರೆ ಪಕ್ಕದ ಚೀಟಿಯ ಮೇಲೆ ಏನು ಬೀಳಬೇಕೆಂದು ಲೆಕ್ಕ ಹಾಕಿಯೇ ಚಿತ್ರ ತಯಾರಿಸಿದ ಕಳ್ಳ, ಫೋನನ್ನು ತಾನು ಹೇಳಿದ ದಾರಿಗೆ ತಿರುಗಿಸಬಹುದು. ಓದುವ ವಸ್ತು ಓಡುವ ಆದೇಶವಾಗುವುದು ಇಲ್ಲೇ.

ನಿಜವಾಗಿ ನಡೆದ ಎರಡು ಪ್ರಕರಣಗಳು

2019ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದದ್ದು ಎರಡನೆಯ ಬಗೆಯ ತಪ್ಪು. ಆಂಡ್ರಾಯ್ಡ್ ವಾಟ್ಸಾಪ್ ಬಳಸುತ್ತಿದ್ದ, ಕುಣಿಯುವ ಜಿಫ್ ಚಿತ್ರಗಳನ್ನು ಓದುವ ಲೈಬ್ರರಿ ಒಂದೇ ಜಾಗವನ್ನು ಎರಡು ಸಲ ಬಿಟ್ಟುಕೊಡುತ್ತಿತ್ತು. ಅದಕ್ಕೆಂದೇ ತಯಾರಿಸಿದ ಜಿಫ್ ಫೋನಿನಲ್ಲಿದ್ದು, ಬಳಕೆದಾರರು ಫೋಟೊ ಕಳಿಸಲು ವಾಟ್ಸಾಪ್ ಒಳಗಿನ ಗ್ಯಾಲರಿ ತೆರೆದರೆ ಸಾಕಿತ್ತು. ವಾಟ್ಸಾಪ್ 2.19.244 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು.

2023ರ ಸೆಪ್ಟೆಂಬರ್‌ನದು ಮೊದಲನೆಯ ಬಗೆ. ವೆಬ್‌ಪಿ ಎಂಬ ಚಿತ್ರ ಮಾದರಿಯನ್ನು ಓದುವ ಸಿ ಲೈಬ್ರರಿಯೊಂದಿದೆ, ಹೆಸರು ಲಿಬ್‌ವೆಬ್‌ಪಿ. ನೀವು ಕಳಿಸುವ ವಾಟ್ಸಾಪ್ ಸ್ಟಿಕ್ಕರ್‌ಗಳು ವೆಬ್‌ಪಿ ಮಾದರಿಯವೇ. ಕಡತ ಚಿಕ್ಕದಾಗಲೆಂದು ಇದು ಹೆಚ್ಚು ಬಾರಿ ಬರುವ ಬೆಲೆಗಳಿಗೆ ಗಿಡ್ಡ ಸಂಕೇತ, ಅಪರೂಪದವಕ್ಕೆ ಉದ್ದ ಸಂಕೇತ ಕೊಡುತ್ತದೆ. ಹಫ್‌ಮನ್ ಕೋಡಿಂಗ್ ಎಂದು ಇದರ ಹೆಸರು. ಆ ಸಂಕೇತಗಳ ಕೋಷ್ಟಕ ಹೆಚ್ಚೆಂದರೆ ಎಷ್ಟು ದೊಡ್ಡದಾಗಬಹುದು ಎಂದು ಮೊದಲೇ ಲೆಕ್ಕ ಹಾಕಿ ಜಾಗ ಕಾದಿರಿಸಲಾಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು, ಚಿತ್ರ ನಿಯಮದಂತೆ ಇದ್ದರೆ! ನಿಯಮ ಮೀರಿ ತಯಾರಿಸಿದ ಚಿತ್ರದಲ್ಲಿ ಕೋಷ್ಟಕ ಆ ಜಾಗವನ್ನು ದಾಟಿ ಬೆಳೆಯುತ್ತಿತ್ತು. ಲೈಬ್ರರಿ ಅದನ್ನು ಪರೀಕ್ಷಿಸುವ ಮೊದಲೇ ಬರೆದುಬಿಡುತ್ತಿತ್ತು. ತಪ್ಪನ್ನು ವರದಿ ಮಾಡಿದ್ದು ಆಪಲ್‌ನ ಭದ್ರತಾ ತಂಡ ಮತ್ತು ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್. ಇದನ್ನು ಈಗಾಗಲೇ ಯಾರೋ ದುರ್ಬಳಕೆ ಮಾಡಿದ್ದಾರೆ ಎಂದು ಒಪ್ಪಿಕೊಂಡ ಗೂಗಲ್, ಸೆಪ್ಟೆಂಬರ್ 11ರಂದು ಕ್ರೋಮ್‌ಗೆ ತುರ್ತು ಅಪ್‌ಡೇಟ್ ಬಿಟ್ಟಿತು. ಈಗ ಲೈಬ್ರರಿ ಮೊದಲು ಕೋಷ್ಟಕದ ಅಳತೆ ನೋಡುತ್ತದೆ, ಆಮೇಲೆ ಬರೆಯುತ್ತದೆ. ಅಂದರೆ, ಬಾಕ್ಸ್ ಎಣಿಸಿದ ಮೇಲೆಯೇ ಗಾಡಿಯಿಂದ ಇಳಿಸುವುದು.

ಚಿತ್ರವೇ ಆಗಬೇಕೆಂದೂ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಮನೆಗಳಲ್ಲಿ ತೆಲುಗೇ ಮಾತು. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದೇ ಅಕ್ಷರ ಬಂದರೆ ಐಫೋನಿನ ಆಪ್‌ಗಳು ಮುಚ್ಚಿಕೊಳ್ಳುತ್ತಿದ್ದವು. ಅಕ್ಷರದಲ್ಲಿ ದೋಷವಿರಲಿಲ್ಲ, ಅದನ್ನು ಜೋಡಿಸಿ ತೋರಿಸುವ ತಂತ್ರಾಂಶದಲ್ಲಿತ್ತು. ಅದೇ ತಿಂಗಳು 19ರಂದು ಆಪಲ್ ಸರಿಪಡಿಸಿತು.

ಹಾಗಾದರೆ ಫಾರ್ವರ್ಡ್ ಸುಳ್ಳು ಹೇಗೆ?

ಮೊದಲನೆಯದಾಗಿ, ಇಂಥ ದಾಳಿಗೆ ಯಾರಿಗೂ ಗೊತ್ತಿಲ್ಲದ ತಪ್ಪೊಂದು ಬೇಕು. ಅದನ್ನು ಹುಡುಕಲು ತುಂಬ ಪರಿಣತಿ, ತುಂಬ ಹಣ ಬೇಕು. ಆದ್ದರಿಂದ ಅದನ್ನು ಆಯ್ದ ಕೆಲವರ ಮೇಲೆ ಗುಟ್ಟಾಗಿ ಬಳಸುತ್ತಾರೆ. ಊರಿಗೆಲ್ಲ ಹಂಚಿದರೆ ತಪ್ಪು ಬೇಗ ಬಯಲಾಗಿ ಅಪ್‌ಡೇಟ್ ಬಂದುಬಿಡುತ್ತದೆ. ಎರಡನೆಯದಾಗಿ, ಗುಡ್ ಮಾರ್ನಿಂಗ್ ಎಂದು ಬರೆದ ಚಿತ್ರಕ್ಕೂ ಉಳಿದ ಚಿತ್ರಕ್ಕೂ ಫೋನಿಗೆ ಯಾವ ವ್ಯತ್ಯಾಸವೂ ಇಲ್ಲ. ಮೂರನೆಯದಾಗಿ, ಹಳೆಯ ಚಿತ್ರ ಅಳಿಸಿದರೆ ಲೈಬ್ರರಿಯ ತಪ್ಪು ಹೋಗುವುದಿಲ್ಲ. ಅದನ್ನು ಮುಚ್ಚುವುದು ಅಪ್‌ಡೇಟ್ ಮಾತ್ರ.

ಆದರೂ ಒಂದು ವಿಷಯಕ್ಕೆ ಆ ಚಿತ್ರಗಳನ್ನು ದೂರಲೇಬೇಕು. ಅವು ಫೋನಿನ ಸ್ಟೋರೇಜ್ ತುಂಬಿಸುತ್ತವೆ. ಸ್ಟೋರೇಜ್ ತುಂಬಿದ ಫೋನಿನಲ್ಲಿ ಅಪ್‌ಡೇಟ್ ಇಳಿಯುವುದಿಲ್ಲ. ಗುಡ್ ಮಾರ್ನಿಂಗ್ ಚಿತ್ರ ನಿಮ್ಮ ಬಾಗಿಲು ಒಡೆಯುವುದಿಲ್ಲ, ಆದರೆ ಬೀಗ ರಿಪೇರಿ ಮಾಡಲು ಬಂದವನಿಗೆ ಒಳಗೆ ಕಾಲಿಡಲು ಜಾಗ ಬಿಡುವುದಿಲ್ಲ.

ಹಣ ನಿಜವಾಗಿ ಹೋಗುವುದು ಹೀಗೆ

ನಮ್ಮ ಕಡೆ ಖಾತೆ ಖಾಲಿ ಮಾಡುವ ಕಳ್ಳರಿಗೆ ಇಷ್ಟು ಕಷ್ಟದ ದಾರಿ ಬೇಕಾಗಿಲ್ಲ. ಮದುವೆ ಕರೆಯೋಲೆ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ಎಪಿಕೆ ಕಡತ ಕಳಿಸುತ್ತಾರೆ. ಅದು ಚಿತ್ರವಲ್ಲ, ಆಪ್. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ಅವರ ಕೈಗೆ ಹೋಗುತ್ತದೆ. ಒಂದು ಬೆಳೆಯ ಹಣ ಒಂದೇ ಖಾತೆಯಲ್ಲಿ ಕೂತಿರುವ ರೈತನಿಗೆ ಇದು ಸಣ್ಣ ಮಾತಲ್ಲ.

ಏನು ಮಾಡಬೇಕು?

– ಪ್ಲೇ ಸ್ಟೋರ್‌ನಲ್ಲಿ ವಾಟ್ಸಾಪ್ ಮತ್ತು ಕ್ರೋಮ್ ಅಪ್‌ಡೇಟ್ ಇದೆಯೇ ಎಂದು ಇಂದೇ ನೋಡಿ. ಫೋನಿನ ಸಿಸ್ಟಮ್ ಅಪ್‌ಡೇಟ್ ಬಂದರೆ ಮುಂದೂಡಬೇಡಿ.

– ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಸ್ಟೋರೇಜ್ ಉಳಿಯುತ್ತದೆ.

– ಯಾರೇ ಕಳಿಸಿದರೂ, ನೆಂಟರೇ ಕಳಿಸಿದರೂ, ವಾಟ್ಸಾಪ್‌ನಲ್ಲಿ ಬಂದ ಎಪಿಕೆ ತೆರೆಯಬೇಡಿ. ಅವರ ಫೋನೇ ಕಳ್ಳರ ಕೈಯಲ್ಲಿರಬಹುದು.

– ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಅತ್ತೆಯೋ ಮಾವನೋ ದಿನವೂ ಕಳಿಸುವ ಶುಭೋದಯದ ಚಿತ್ರವನ್ನು ಹೆದರದೆ ನೋಡಿ. ಮುಂದಿನ ಬಾರಿ ಆ ಎಚ್ಚರಿಕೆಯ ಫಾರ್ವರ್ಡ್ ಬಂದರೆ ಅದನ್ನು ಹತ್ತು ಜನರಿಗೆ ಕಳಿಸುವ ಬದಲು, ಮನೆಯ ಹಿರಿಯರೊಬ್ಬರ ಫೋನ್ ತೆಗೆದುಕೊಂಡು ಅಪ್‌ಡೇಟ್ ಮಾಡಿಕೊಡಿ.