ಕೀಲಿಯ ಬ್ಯಾಟರಿ ಸತ್ತರೂ ಕಾರು ಹೊರಡುತ್ತದೆ!

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ರಿಮೋಟ್ ಕೀಲಿ ಕೈಕೊಟ್ಟಿದೆಯೆ? ಟೋಯಿಂಗ್ ಗಾಡಿಗೆ ಫೋನ್ ಮಾಡುವ ಮೊದಲು ಕೀಲಿಯನ್ನೊಮ್ಮೆ ತಿರುವಿ ನೋಡಿ. ಬಹುತೇಕ ಕೀಲಿಗಳಲ್ಲಿ ಪುಟ್ಟ ಕೊಂಡಿಯೊಂದನ್ನು ಸರಿಸಿದರೆ ಒಳಗಿಂದ ಲೋಹದ ಕೀಲಿ ಹೊರಬರುತ್ತದೆ. ಬಾಗಿಲಲ್ಲಿ ಕೀಲಿಕಿಂಡಿ ಕಾಣದಿದ್ದರೆ ಹಿಡಿಕೆಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದಡಿ ಹುಡುಕಿ. ಹೀಗೆ ತೆರೆದಾಗ ಕೆಲವು ಕಾರುಗಳು ಕಳ್ಳ ಬಂದನೆಂದು ಬೊಬ್ಬೆ ಹಾಕುವುದುಂಟು, ಗಾಬರಿ ಬೇಡ.

ಒಳಗೆ ಕೂತು ಬ್ರೇಕ್ ತುಳಿದು (ಗೇರ್ ಗಾಡಿಯಾದರೆ ಕ್ಲಚ್ಚನ್ನೂ), ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಕೀಲಿಯೊಳಗೆ ಬ್ಯಾಟರಿಯ ಹಂಗಿಲ್ಲದ ಚಿಪ್ ಒಂದಿದೆ. ಕಾರಿನಲ್ಲಿ ಅಡಗಿರುವ ತಂತಿಸುರುಳಿಯ ಕಾಂತಕ್ಷೇತ್ರದಿಂದಲೇ ಅದು ವಿದ್ಯುತ್ ಪಡೆದು ತನ್ನ ಗುರುತು ಹೇಳುತ್ತದೆ. ಇದರ ಕಂಪನಾಂಕ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸು. ಮೆಟ್ರೋ ಕಾರ್ಡಿನದೂ ಇದೇ ತಂತ್ರ, ಅದರಲ್ಲೂ ಬ್ಯಾಟರಿಯಿಲ್ಲ. ಆದರೆ ಈ ಮಾತುಕತೆ ನಡೆಯುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ, ಹಾಗಾಗಿ ಕೀಲಿ ಜೇಬಿನಲ್ಲಿದ್ದರೆ ಸಾಲದು. ಕೆಲವು ಮಾದರಿಗಳಲ್ಲಿ ಕೀಲಿ ತಾಗಿಸಬೇಕಾದ ಜಾಗ ಕಪ್ ಹೋಲ್ಡರಿನ ತಳದಲ್ಲೋ ಸ್ಟೀರಿಂಗ್ ಕಂಬದ ಮೇಲೋ ಇರುತ್ತದೆ. ಇದನ್ನೆಲ್ಲ ವಿವರಿಸುವ ಕೈಪಿಡಿಯ ಪುಟದ ಫೋಟೋ ಫೋನಿನಲ್ಲಿರಲಿ. ಕೈಪಿಡಿ ಇರುವುದು ಬೀಗ ಬಿದ್ದ ಕಾರಿನೊಳಗೇ ತಾನೆ!

ಹೊಸ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹೆಚ್ಚಿನ ಕೀಲಿಗಳಿಗೆ ಬೇಕಾದದ್ದು ಸಿಆರ್2032: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪದ 3 ವೋಲ್ಟ್ ಬಿಲ್ಲೆ. ತೆಗೆದ ಹಳೆಯದನ್ನು ಮಕ್ಕಳ ಕೈಗೆ ಸಿಗುವಂತೆ ಬಿಡಬೇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು, ಕಾರಿಗೆ ಸಾಲದಷ್ಟು ಸೊರಗಿದ್ದರೂ!