ಅಮ್ಮ ಹಿತ್ತಲಿಗೆ ಹೋಗೋಕೆ ಆಗ್ಬೇಕು: ಮನೆ, ಅಂಗಳ, ಕೈತೋಟ ಹೀಗೆ ಸರಿಮಾಡಿ

ತೋಟಕ್ಕೆ ಡ್ರಿಪ್ ಹಾಕಿಸುವಾಗ ಇಳಿಜಾರು ಎಷ್ಟು, ಪೈಪ್ ಎಷ್ಟು ಇಂಚು ಅಂತ ಹತ್ತು ಸಲ ಲೆಕ್ಕ ಹಾಕ್ತೀವಿ. ಅದೇ, ಮನೆಯಿಂದ ಬಚ್ಚಲಿಗೆ ಹೋಗೋಕೆ ಎಷ್ಟು ಸಲ ಕಾಲು ಎತ್ತಿ ಇಡಬೇಕು ಅಂತ ಕೇಳಿದ್ರೆ ಯಾರಿಗೂ ಥಟ್ಟನೆ ಹೇಳೋಕೆ ಬರಲ್ಲ. ನನಗೂ ಬರ್ತಿರ್ಲಿಲ್ಲ. ಎರಡು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಅಮ್ಮ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಆಮೇಲೆ ಎಣಿಸಿದೆ. ಹಿತ್ತಲ ಬಾಗಿಲ ಹೊಸ್ತಿಲು ಒಂದು, ಮೆಟ್ಟಿಲು ಮೂರು, ಬಚ್ಚಲ ಕಟ್ಟೆ ಒಂದು, ಬಚ್ಚಲ ಹೊಸ್ತಿಲು ಒಂದು. ಒಟ್ಟು ಆರು. ಹೋಗಿ ಬರೋಕೆ ಹನ್ನೆರಡು. ರಾತ್ರಿ ಎರಡು ಸಲ ಎದ್ದರೆ ಇಪ್ಪತ್ತನಾಲ್ಕು.

ಆಪರೇಷನ್ ಆಗಿ ವಾಕರ್ ಹಿಡಿದು ಮನೆಗೆ ಬಂದ ಅಮ್ಮನಿಗೆ ಇಡೀ ಮನೆಯೇ ಬೇಲಿ ಹಾಕಿದ ಹಾಗೆ ಆಯ್ತು. ನಮ್ಮದು ಮಲೆನಾಡಿನ ಹಳೇ ಮನೆ. ಜಗಲಿ, ನಡುಮನೆ, ಅಡುಗೆಮನೆ ಒಂದೊಂದೂ ಒಂದೊಂದು ಎತ್ತರ. ಊಟ ಕೊಡಬಹುದು, ಔಷಧಿ ಕೊಡಬಹುದು. ಆದರೆ ಅವರು ದಿನಾ ಕೇಳ್ತಿದ್ದದ್ದು ಒಂದೇ: "ಹಿತ್ತಲಲ್ಲಿ ಬಸಳೆ ಏನಾಯ್ತೋ?" ಈ ವಾರ ಬರೀತಾ ಇರೋದು ಆ ಬಸಳೆ ಹತ್ತಿರ ಅವರನ್ನ ತಲುಪಿಸೋಕೆ ನಾವು ಏನೇನು ಮಾಡಿದ್ವಿ, ಎಲ್ಲಿ ತಪ್ಪಿದ್ವಿ ಅನ್ನೋದನ್ನ. ನಿಮ್ಮ ಮನೇಲಿ ಯಾರೂ ಬಿದ್ದಿಲ್ಲ ಅಂದ್ರೆ ಇನ್ನೂ ಒಳ್ಳೇದು, ಆತುರ ಇಲ್ಲದೆ ಮಾಡಬಹುದು.

ಮೊದಲ ರ‍್ಯಾಂಪ್ ಬೈಕಿಗೆ ಹೋಯ್ತು

ನಮ್ಮ ಮನೆಯ ಪಾಯ ಅಂಗಳದಿಂದ ಒಂದೂವರೆ ಅಡಿ ಎತ್ತರ ಇದೆ. ಮೇಸ್ತ್ರಿ ಬಂದು ನೋಡಿ, ಆರಡಿ ಉದ್ದಕ್ಕೆ ಇಳಿಜಾರು ಕೊಟ್ಟರೆ ಸಾಕು ಅಂದ್ರು. ಜಾಗ ಉಳೀತು ಅಂತ ನಾನೂ ಹೂಂ ಅಂದೆ. ಕಾಂಕ್ರೀಟ್ ಗಟ್ಟಿ ಆದ ಮೇಲೆ ಅಮ್ಮ ವಾಕರ್ ಇಟ್ಟು ಕೆಳಗೆ ನೋಡಿದರು. "ನಿನ್ನ ಬೈಕ್ ಹತ್ತಿಸೋಕೆ ಚೆನ್ನಾಗಿದೆ ಮಗಾ" ಅಂತ ವಾಪಸ್ ಹೋಗಿ ಕೂತರು. ನಿಜ ಹೇಳ್ಬೇಕಂದ್ರೆ ಇವತ್ತಿಗೂ ಅದು ಬೈಕಿಗೇ ಆಗ್ತಾ ಇದೆ.

ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಸಾರ್ವಜನಿಕ ಕಟ್ಟಡಗಳಿಗೆ ಸರ್ಕಾರದ ಮಾರ್ಗಸೂಚಿಯಲ್ಲಿ ಇರೋದೂ ಇದೇ ಅಳತೆ. ಹಾಗಾದರೆ ಒಂದೂವರೆ ಅಡಿಗೆ 18 ಅಡಿ ಬೇಕು, ಎರಡು ಅಡಿಗೆ 24 ಅಡಿ. ನಾವು ಕೊಟ್ಟಿದ್ದು ಆರೇ ಅಡಿ, ಅಂದ್ರೆ ಮೂರು ಪಟ್ಟು ಕಡಿದು. ನಿಮ್ಮ ಫೋನಿನಲ್ಲಿ ಲೆವೆಲ್ ನೋಡುವ ಆ್ಯಪ್ ಹಾಕಿಕೊಳ್ಳಿ. ನೇರವಾದ ಹಲಗೆಯ ಮೇಲೆ ಫೋನ್ ಇಟ್ಟು ಇಳಿಜಾರಿನ ಮೇಲೆ ಹಿಡಿದರೆ ಡಿಗ್ರಿ ತೋರಿಸುತ್ತೆ. 5 ಡಿಗ್ರಿ ಒಳಗೆ ಇರಬೇಕು. ನಮ್ಮ ಬೈಕ್ ರ‍್ಯಾಂಪ್ 14 ತೋರಿಸ್ತು! ಕಾಂಕ್ರೀಟ್ ಹಾಕೋಕೆ ಮೊದಲು, ಮಣ್ಣು ತುಂಬಿ ಬಡಿದಾಗಲೇ ಇದನ್ನ ನೋಡ್ಬೇಕಿತ್ತು. ಮೇಸ್ತ್ರಿ ಹತ್ತಿರ ಇರೋ ನೀರಿನ ಲೆವೆಲ್ ಪೈಪ್ ಇನ್ನೂ ನಿಖರ, ಆದರೆ ಅವರು ಹೋದ ಮೇಲೆ ಪರೀಕ್ಷೆ ಮಾಡೋಕೆ ಫೋನ್ ಸಾಕು.

18 ಅಡಿ ಎಲ್ಲಿಂದ ತರೋದು ಅಂತ ಗಾಬರಿ ಬೇಡ. ಬಾಗಿಲಿಂದ ನೇರ ಮುಂದಕ್ಕೆ ಬರಬೇಕು ಅಂತೇನಿಲ್ಲ, ಗೋಡೆ ಪಕ್ಕದಲ್ಲೇ ಇಳಿಸಬಹುದು. ಎರಡನೇ ಸಲ ನಾವು ಮಾಡಿದ್ದು ಹಾಗೇ. ಬಾಗಿಲ ಮುಂದೆ ಐದಡಿಗೆ ಐದಡಿ ಸಮತಟ್ಟು ಜಾಗ. ವಾಕರ್ ನಿಲ್ಲಿಸಿ ಬಾಗಿಲು ತೆಗೆಯೋಕೆ, ತಿರುಗೋಕೆ ಅಷ್ಟು ಬೇಕೇ ಬೇಕು. ಅಲ್ಲಿಂದ ಗೋಡೆ ಗುಂಟ 18 ಅಡಿ ಇಳಿಜಾರು. ಅಗಲ ನಾಲ್ಕು ಅಡಿ. ಜಾಗ ಇಲ್ಲದಿದ್ದರೆ ಮೂರಡಿ, ಅದಕ್ಕಿಂತ ಕಡಿಮೆ ಬೇಡ. ಹೊರಗಿನ ಅಂಚಿಗೆ ಮೂರು ಇಂಚಿನ ಕಟ್ಟೆ ಇರಲಿ, ಇಲ್ಲದಿದ್ದರೆ ವಾಕರ್ ಕಾಲು ಅಥವಾ ಗಾಲಿಕುರ್ಚಿಯ ಚಕ್ರ ಅಂಚಿನಿಂದ ಕೆಳಗೆ ಇಳಿದುಬಿಡುತ್ತೆ.

ಕಾಂಕ್ರೀಟ್ ಹಸಿ ಇದ್ದಾಗಲೇ ತೆಂಗಿನ ಕಡ್ಡಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೀರಿ. ನಯ ಮಾಡಬೇಡಿ. ಮೇಸ್ತ್ರಿಗಳಿಗೆ ನಯವಾಗಿ ತೇಯದಿದ್ದರೆ ಸಮಾಧಾನ ಇಲ್ಲ, ಎದುರಿಗೇ ನಿಂತು ಬೇಡ ಅನ್ನಿ. ಕನಿಷ್ಠ ಏಳು ದಿನ ಗೋಣಿಚೀಲ ಹಾಸಿ ನೀರು ಹಾಕಿ. ಮಳೆ ಶುರುವಾಗೋಕೆ ಮೊದಲು, ಏಪ್ರಿಲ್ ಹೊತ್ತಿಗೆ ಈ ಕೆಲಸ ಮುಗಿಸಿಕೊಂಡರೆ ಒಳ್ಳೇದು.

ಹಿಡಿಕೆಗೆ ಒಂದೂಕಾಲು ಇಂಚಿನ ಜಿಐ ಪೈಪ್ ಸರಿ ಆಗುತ್ತೆ. ಎರಡು ಇಂಚಿನದು ಮನೇಲಿ ಉಳಿದಿದೆ ಅಂತ ಅದನ್ನೇ ಹಾಕಬೇಡಿ, ವಯಸ್ಸಾದವರ ಬೆರಳು ಸುತ್ತ ಹಿಡಿಯಲ್ಲ. ಎತ್ತರ ಸುಮಾರು ಮೂರಡಿ. ನಾವು ಅಮ್ಮನನ್ನ ನಿಲ್ಲಿಸಿ, ಕೈ ಸಹಜವಾಗಿ ಎಲ್ಲಿಗೆ ಬರುತ್ತೆ ಅಂತ ನೋಡಿ ಎರಡು ಇಂಚು ಇಳಿಸಿದ್ವಿ. ಗೋಡೆಗೂ ಪೈಪಿಗೂ ಮಧ್ಯೆ ಎರಡು ಇಂಚು ಖಾಲಿ ಬಿಡಿ. ಮಣ್ಣಿನ ಗೋಡೆಗೆ ಪೈಪ್ ಸಿಕ್ಕಿಸಿದರೆ ಒಂದೇ ಎಳೆತಕ್ಕೆ ಕಿತ್ತು ಬರುತ್ತೆ. ಅಂಥ ಕಡೆ ನೆಲದಿಂದಲೇ ಕಂಬ ಎಬ್ಬಿಸಿ ಕಾಂಕ್ರೀಟಿನಲ್ಲಿ ಹೂಳಬೇಕು.

ಬಚ್ಚಲಲ್ಲೇ ಹೆಚ್ಚು ಗಮನ ಕೊಡಿ

ದುಡ್ಡು ಕಡಿಮೆ ಇದೆ, ಒಂದೇ ಕೆಲಸ ಮಾಡಿಸೋಕೆ ಆಗೋದು ಅಂದ್ರೆ ರ‍್ಯಾಂಪ್ ಬಿಡಿ, ಬಚ್ಚಲು ಸರಿಮಾಡಿ. ಒದ್ದೆ, ಸೋಪು, ಕತ್ತಲೆ ಮೂರೂ ಒಟ್ಟಿಗೆ ಇರೋದು ಅಲ್ಲೇ.

ಮೊದಲು ಬಾಗಿಲು ನೋಡಿ. ಹೆಚ್ಚಿನ ಬಚ್ಚಲ ಬಾಗಿಲು ಒಳಗೆ ತೆರೆಯುತ್ತೆ. ಒಳಗೆ ಯಾರಾದ್ರೂ ಬಾಗಿಲ ಹಿಂದೆಯೇ ಬಿದ್ದರೆ ಹೊರಗಿನಿಂದ ತಳ್ಳೋಕೆ ಆಗಲ್ಲ, ತಳ್ಳಿದರೆ ಬಿದ್ದವರಿಗೇ ಪೆಟ್ಟು. ಹೊರಗೆ ತೆರೆಯೋ ಹಾಗೆ ತಿರುಗಿಸಿ, ಬಡಗಿಗೆ ಅರ್ಧ ದಿನದ ಕೆಲಸ. ಚಿಲಕ ಹೊರಗಿನಿಂದಲೂ ಬಿಡಿಸೋಕೆ ಬರುವಂಥದ್ದು ಹಾಕಿ. ಅಗಲ ಅಳೆಯುವಾಗ ಚೌಕಟ್ಟಿನ ಹೊರ ಅಳತೆ ಬಿಟ್ಟು ಒಳಗಿನ ಖಾಲಿ ಜಾಗ ಅಳೆಯಿರಿ. ಎರಡೂವರೆ ಅಡಿ ಬಾಗಿಲು ಅಂತ ಕೊಂಡದ್ದರಲ್ಲಿ ಚೌಕಟ್ಟು ಕಳೆದರೆ ಎರಡಡಿ ಚಿಲ್ಲರೆ ಉಳಿಯುತ್ತೆ, ವಾಕರ್ ಸಿಕ್ಕಿಕೊಳ್ಳುತ್ತೆ. ಹೊಸದಾಗಿ ಕಟ್ಟೋರು ಮೂರಡಿ ಖಾಲಿ ಸಿಗೋ ಹಾಗೆ ಚೌಕಟ್ಟು ಮಾಡಿಸಿ.

ಕಮೋಡ್ ಬೇಡ ಅಂತ ಅಮ್ಮ ಮೊದಲು ಹಟ ಮಾಡಿದರು. ಮಂಡಿ ಬಗ್ಗದ ಮೇಲೆ ಬೇರೆ ದಾರಿ ಇರಲಿಲ್ಲ. ಕೂರುವ ಎತ್ತರ ನೆಲದಿಂದ 18 ಇಂಚು ಇರಲಿ, ತಗ್ಗಾದಷ್ಟೂ ಏಳೋದು ಕಷ್ಟ. ಪಕ್ಕದ ಗೋಡೆಗೆ, ಕೂತಾಗ ಮೊಣಕೈ ಬರುವ ಎತ್ತರದಲ್ಲಿ ಅಡ್ಡಕ್ಕೆ ಒಂದು ಸ್ಟೀಲ್ ಹಿಡಿಕೆ, ಎದುರಿಗೆ ಸ್ವಲ್ಪ ಮುಂದೆ ಲಂಬವಾಗಿ ಇನ್ನೊಂದು. ಟವೆಲ್ ಹಾಕುವ ಕಂಬಿಯನ್ನ ಹಿಡಿಕೆ ಅಂತ ನಂಬಬೇಡಿ, ಅದು ಮನುಷ್ಯನ ಭಾರ ತಡೆಯಲ್ಲ. ಹಾಕಿಸಿದ ಮೇಲೆ ನೀವೇ ಪೂರ್ತಿ ತೂಕ ಬಿಟ್ಟು ಜೋತು ನೋಡಿ. ನೀವು ಜೋತು ಬಿದ್ದರೆ ತಡೆಯುತ್ತೆ ಅಂದ್ರೆ ಅಮ್ಮನಿಗೂ ತಡೆಯುತ್ತೆ. ಸ್ನಾನಕ್ಕೆ ಒಂದು ಗಟ್ಟಿ ಸ್ಟೂಲು, ಕಾಲಿಗೆ ರಬ್ಬರ್ ಬೂಟು ಇರುವಂಥದ್ದು.

ನೆಲಕ್ಕೆ ಒರಟು ಟೈಲ್ಸ್ ಕೇಳಿ ತಗೊಳ್ಳಿ. ಅಂಗಡೀಲಿ ಒಂದು ತುಂಡಿಗೆ ನೀರು ಹಾಕಿಸಿ ಬರಿಗಾಲಲ್ಲಿ ತುಳಿದು ನೋಡೋಕೆ ನಾಚಿಕೆ ಬೇಡ. ಈಗಿರೋ ನಯವಾದ ನೆಲಕ್ಕೆ ಕೊಟ್ಟಿಗೆಯಲ್ಲಿ ಉಳಿದ ರಬ್ಬರ್ ಮ್ಯಾಟ್ ಹಾಸಬಹುದು. ನಾವು ಹಸುವಿನ ಮ್ಯಾಟನ್ನೇ ಕತ್ತರಿಸಿ ಹಾಕಿದ್ವಿ. ಆದರೆ ವಾರಕ್ಕೊಮ್ಮೆ ಎತ್ತಿ ತೊಳೆಯದಿದ್ದರೆ ಅಡಿಯಲ್ಲಿ ಲೋಳೆ ಕಟ್ಟಿ ಮ್ಯಾಟೇ ಜಾರೋಕೆ ಶುರುವಾಗುತ್ತೆ.

ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಚೆನ್ನಾಗಿ ನೀರು ಬಿಟ್ಟು ತೊಳೀರಿ. ಒಂದು ಎಚ್ಚರಿಕೆ: ಬ್ಲೀಚಿಂಗ್ ಪುಡಿ ಹಾಕಿದ ಕಡೆ ಬಚ್ಚಲು ತೊಳೆಯೋ ಆಸಿಡ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಗೀಸರ್ ಇದ್ದರೆ ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹೊಸ್ತಿಲಿನ ವಿಷಯ ಸೂಕ್ಷ್ಮ. ಪೂಜೆ ಮಾಡೋ ಹೊಸ್ತಿಲನ್ನ ಕಿತ್ತುಹಾಕಿ ಅಂತ ನಾನು ಹೇಳಲ್ಲ, ಹೇಳಿದರೆ ನಮ್ಮ ಮನೇಲೇ ನನಗೆ ಊಟ ಸಿಗಲ್ಲ. ಹೆಬ್ಬಾಗಿಲ ಹೊಸ್ತಿಲು ಇರಲಿ, ಅದರ ಎರಡೂ ಕಡೆ ಮರದ ಇಳಿಜಾರು ತುಂಡು ಇಟ್ಟರೆ ಆಯ್ತು. ಎರಡು ಇಂಚು ಹೊಸ್ತಿಲಿಗೆ ಎರಡಡಿ ಉದ್ದದ ತುಂಡು. ಹಬ್ಬದ ದಿನ ಎತ್ತಿಟ್ಟು ರಂಗೋಲಿ ಹಾಕಬಹುದು. ಒಳಗಿನ ಕೋಣೆಗಳಿಗೆ ಹೊಸ್ತಿಲು ಯಾಕೆ ಬೇಕು ಅಂತ ಮಾತ್ರ ಹೊಸ ಮನೆ ಕಟ್ಟೋರು ಒಮ್ಮೆ ಕೇಳಿಕೊಳ್ಳಿ. ಹಾಗಂತ ಮಳೆ ಹೆಚ್ಚಿರೋ ಕಡೆ ರ‍್ಯಾಂಪ್ ಉಳಿಸೋಕೆ ಪಾಯವನ್ನೇ ತಗ್ಗಿಸಬೇಡಿ, ನೀರು ಸಿಡಿದು ಗೋಡೆ ಹಾಳಾಗುತ್ತೆ, ಗೆದ್ದಲೂ ಬೇಗ ಹತ್ತುತ್ತೆ. ಒಂದು ಬಾಗಿಲ ಹತ್ತಿರ ಅಂಗಳದ ಮಣ್ಣನ್ನೇ ನಿಧಾನಕ್ಕೆ ಏರಿಸಿಕೊಂಡು ಬಂದು, ಗೋಡೆ ಪಕ್ಕ ಚರಂಡಿ ಬಿಟ್ಟು ಕೊನೆಗೆ ಚಪ್ಪಡಿ ಹಾಸಿದರೆ ರ‍್ಯಾಂಪ್ ಅಂತ ಗೊತ್ತೇ ಆಗಲ್ಲ.

ಹಿತ್ತಲ ದಾರಿ

ದಾರಿಗೆ ಜಲ್ಲಿ ಹಾಕಬೇಡಿ. ನೋಡೋಕೆ ಚೆಂದ, ವಾಕರ್ ಕಾಲು ಹೂತುಹೋಗುತ್ತೆ. ಇಂಟರ್‌ಲಾಕ್ ಇಟ್ಟಿಗೆ ಅಥವಾ ಗೀರು ಎಳೆದ ಕಾಂಕ್ರೀಟ್ ಒಳ್ಳೇದು. ನೀರು ನಿಲ್ಲದ ಹಾಗೆ ನಾಲ್ಕು ಅಡಿ ಅಗಲಕ್ಕೆ ಒಂದು ಇಂಚು ಒಂದು ಪಕ್ಕಕ್ಕೆ ಓರೆ ಕೊಡಿ. ಇನ್ನೊಂದು, ಇದು ರೈತರ ಮನೆಯದೇ ಸಮಸ್ಯೆ: ದಾರಿಗೆ ಅಡ್ಡ ಬಿದ್ದಿರೋ ಡ್ರಿಪ್ ಲ್ಯಾಟರಲ್, ಹೋಸ್ ಪೈಪ್, ಮೋಟಾರಿನ ಕೇಬಲ್. ನಮಗೆ ದಿನಾ ದಾಟಿ ಅಭ್ಯಾಸ, ಕಣ್ಣಿಗೇ ಬೀಳಲ್ಲ. ಕಾಂಕ್ರೀಟ್ ಹಾಕೋ ಮುಂಚೆ ಎರಡು ಇಂಚಿನ ಪಿವಿಸಿ ಪೈಪ್ ಎರಡು ಮೂರು ಕಡೆ ಅಡ್ಡಕ್ಕೆ ಹೂತಿಡಿ. ನಾಳೆ ಯಾವ ಪೈಪ್ ದಾಟಿಸಬೇಕಾದ್ರೂ ಅದರೊಳಗೆ ತೂರಿಸಿದರೆ ಆಯ್ತು. ಕರೆಂಟ್ ಕೇಬಲ್ಲಿಗೆ ಮಾತ್ರ ಬೇರೆ ಪೈಪ್ ಇಡಿ.

ದಾರಿಯ ಎರಡೂ ಬದಿ ಮೂರಡಿ ಹುಲ್ಲು ಸವರಿಟ್ಟುಕೊಳ್ಳಿ. ತೆಂಗಿನ ಸಿಪ್ಪೆ, ಸೌದೆ ರಾಶಿ ದಾರಿ ಪಕ್ಕ ಬೇಡ. ಅಲ್ಲಿ ಇಲಿ ಸೇರುತ್ತೆ, ಇಲಿ ಹಿಂದೆ ಹಾವು ಬರುತ್ತೆ, ವಾಕರ್ ಹಿಡಿದವರು ಹಿಂದೆ ಹಾರೋಕೆ ಆಗಲ್ಲ. ಮನುಷ್ಯರು ಬಂದಾಗ ತಾನೇ ಹತ್ತುವ ಸೆನ್ಸರ್ ಎಲ್ಇಡಿ ಬಲ್ಬ್ ಒಂದು ಹಿತ್ತಲ ಬಾಗಿಲಿಗೆ ಹಾಕಿ. ಉಳಿದಿರೋ ಮೆಟ್ಟಿಲುಗಳ ಅಂಚಿಗೆ ಎರಡು ಇಂಚು ಹಳದಿ ಪೇಂಟ್ ಬಳಿಯಿರಿ. ಕಣ್ಣು ಮಂಜಾದವರಿಗೆ ಕಾವಿ ನೆಲದಲ್ಲಿ ಮೆಟ್ಟಿಲು ಎಲ್ಲಿ ಮುಗೀತು ಅಂತ ಕಾಣಲ್ಲ. ಇಷ್ಟರಲ್ಲಿ ಅತಿ ಅಗ್ಗದ ಕೆಲಸ ಇದೇ, ಇವತ್ತು ಸಂಜೆಯೇ ಮಾಡಬಹುದು.

ಸೊಂಟದ ಎತ್ತರಕ್ಕೆ ಬಸಳೆ

ಇಂಗುಗುಂಡಿಗೆ ಬಳಸೋ ಮೂರಡಿ ಅಗಲದ ಸಿಮೆಂಟ್ ರಿಂಗ್ ಗೊತ್ತಲ್ಲ? ಅದನ್ನ ಒಂದರ ಮೇಲೊಂದು ಎರಡು ಇಟ್ಟರೆ ಎರಡಡಿ ಎತ್ತರದ ಮಡಿ ತಯಾರು. ಕುರ್ಚಿ ಹಾಕಿಕೊಂಡು ಕೂತು ಕೆಲಸ ಮಾಡೋಕೆ ಈ ಎತ್ತರ ಸರಿ. ಯಾವ ಕಡೆಯಿಂದ ಕೈ ಚಾಚಿದರೂ ಮಧ್ಯಕ್ಕೆ ಒಂದೂವರೆ ಅಡಿಯಷ್ಟೇ. ನಿಂತು ಮಾಡುವವರಿಗೆ ಇನ್ನೊಂದು ರಿಂಗ್ ಸೇರಿಸಿ. ಎರಡು ರಿಂಗುಗಳ ಮಧ್ಯೆ ನಾಲ್ಕು ಅಡಿ ಬಿಡಿ.

ಪೂರ್ತಿ ಮಣ್ಣು ತುಂಬೋದು ದಂಡ. ಕೆಳಗಿನ ಒಂದಡಿಗೆ ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಒಣ ರೆಂಬೆ ತುಳಿದು ತುಂಬಿ. ಮೇಲಿನ ಒಂದಡಿಗೆ ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ. ಕೆಳಗಿನದು ಕೊಳೆತು ವರ್ಷಕ್ಕೆ ನಾಲ್ಕೈದು ಇಂಚು ಕುಸಿಯುತ್ತೆ, ಮೇಲೆ ಗೊಬ್ಬರ ಸೇರಿಸ್ತಾ ಹೋಗಿ. ರಿಂಗಿನ ತಳದಲ್ಲಿ ನೀರು ಹೋಗೋಕೆ ತೂತು ಇಲ್ಲದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತೆ. ನಮ್ಮ ಮೊದಲ ರಿಂಗಿನ ಹರಿವೆ ಹಾಗೇ ಹೋಯ್ತು.

ಕೊಡಪಾನ ಎತ್ತಿ ನೀರು ಹಾಕೋದು ಆಗದ ಮಾತು. ತೋಟದ ಲ್ಯಾಟರಲ್‌ನಿಂದ ಒಂದು ಕವಲು ತಂದು ಪ್ರತಿ ರಿಂಗಿಗೆ ಸುತ್ತು ಹಾಕಿ, ವಾಲ್ವನ್ನ ಸೊಂಟದ ಎತ್ತರದ ಕಂಬಕ್ಕೆ ಕಟ್ಟಿ. ತಿರುಪುವ ನಲ್ಲಿ ಬೇಡ, ಹಿಡಿ ತಿರುಗಿಸುವ ಬಾಲ್ ವಾಲ್ವ್ ಹಾಕಿ. ಬೆರಳ ಗೆಣ್ಣು ನೋಯುವವರು ಅಂಗೈಯಿಂದಲೇ ತಳ್ಳಬಹುದು.

ಈಗ ನಮ್ಮಲ್ಲಿ ನಾಲ್ಕು ರಿಂಗ್ ಇದೆ. ಹರಿವೆ, ಮೆಂತೆ, ಕೊತ್ತಂಬರಿ ಒಂದರಲ್ಲಿ, ಒಂದೆಲಗ ಮತ್ತು ದೊಡ್ಡಪತ್ರೆ ನೆರಳಿನ ಕಡೆ ಇನ್ನೊಂದರಲ್ಲಿ. ಬಸಳೆಗೆ ಎದೆ ಎತ್ತರದ ಚಪ್ಪರ, ತಲೆ ಮೇಲೆ ಕೈ ಎತ್ತಿ ಕೊಯ್ಯೋ ಹಾಗಿರಬಾರದು. ನಿಂಬೆಯಂಥ ಮುಳ್ಳಿನ ಗಿಡ ದಾರಿಯಿಂದ ದೂರ ಇಟ್ಟಿದ್ದೇವೆ. ಕೂರೋಕೆ ಮಧ್ಯೆ ಒಂದು ಕಲ್ಲುಬೆಂಚು, 18 ಇಂಚು ಎತ್ತರ, ಪಕ್ಕದಲ್ಲಿ ಕೈಯೂರೋಕೆ ಒಂದು ಗೂಟ.

ಅಮ್ಮ ಬೆಳಿಗ್ಗೆ ಕಾಫಿ ಆದ ಮೇಲೆ ಒಬ್ಬರೇ ಇಳಿದು ಹೋಗ್ತಾರೆ. ಫೋನ್ ಕುತ್ತಿಗೆಗೆ ದಾರ ಕಟ್ಟಿ ಹಾಕಿಕೊಳ್ಳಿ ಅಂದರೆ ಇನ್ನೂ ಒಪ್ಪಿಲ್ಲ, ಅದಕ್ಕೆ ಬೆಂಚಿನ ಪಕ್ಕ ಒಂದು ಬೆಲ್ ಸ್ವಿಚ್ ಎಳೆದಿದ್ದೇನೆ. ಮೊನ್ನೆ ಅದು ಮೊದಲ ಸಲ ಹೊಡೆದಾಗ ಎದೆ ಧಸಕ್ ಅಂತು, ಓಡಿದೆ. ಬದನೆಗೆ ಜಾಗ ಸಾಲ್ತಿಲ್ಲ, ಇನ್ನೊಂದು ಜೊತೆ ರಿಂಗ್ ತಂದುಹಾಕು ಅನ್ನೋಕೆ ಕರೆದಿದ್ದರು.